ಒಂದೇ ಮಾತ್ರೆ ಅಪ್ಪನಿಗೆ ಒಗ್ಗಿತು, ಅಮ್ಮನಿಗೆ ಯಾಕೆ ಒಗ್ಗಲಿಲ್ಲ?

ಪ್ರಶ್ನೆ: ಡಾಕ್ಟರೇ, ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಅಮ್ಮನಿಗೆ 61 ವರ್ಷ. 12 ವರ್ಷದಿಂದ ದಮ್ಮು ಇದೆ. ಮೊದಲು ಚಳಿಗಾಲದಲ್ಲಿ ಮಾತ್ರ ಬರುತ್ತಿತ್ತು, ಈಗ ವರ್ಷವಿಡೀ ಇರುತ್ತದೆ. ಯಾವತ್ತೋ ವೈದ್ಯರು ಬರೆದ ಮಾತ್ರೆಯನ್ನೇ ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗುತ್ತಾರೆ. ಸ್ಟ್ರಿಪ್ ಮೇಲೆ ಸಾಲ್ಬುಟಮಾಲ್ 4 ಎಂ.ಜಿ., ಥಿಯೋಫಿಲಿನ್ 300 ಎಂ.ಜಿ., ಎಸ್.ಆರ್. ಎಂದಿದೆ. ಚೀಟಿ ಕಳೆದು ಎಷ್ಟೋ ವರ್ಷವಾಯಿತು. ಹಳೇ ಸ್ಟ್ರಿಪ್ ತೋರಿಸಿದರೆ ಮೆಡಿಕಲ್ ಶಾಪಿನವರು ಕೊಡುತ್ತಾರೆ. ಅಪ್ಪನಿಗೂ ದಮ್ಮು, 67 ವರ್ಷ, ದಿನಕ್ಕೊಂದು ಕಟ್ಟು ಬೀಡಿ ಬೇಕು. ಅಮ್ಮನ ಮಾತ್ರೆಯನ್ನೇ ಅವರೂ ಎರಡು ಹೊತ್ತು ತಗೊಳ್ಳುತ್ತಾರೆ, ಏನೂ ಆಗಿಲ್ಲ. ಅಮ್ಮನಿಗೆ ಮಾತ್ರ ಕೈ ನಡುಗುತ್ತದೆ, ಎದೆ ಡಬ ಡಬ ಅನ್ನುತ್ತದೆ, ರಾತ್ರಿ ನಿದ್ದೆ ಇಲ್ಲ. ಹೋದ ತಿಂಗಳು ಉರಿಮೂತ್ರಕ್ಕೆ ಅಂತ ಐದು ದಿನ ಸಿಪ್ರೊಫ್ಲಾಕ್ಸಾಸಿನ್ ಕೊಟ್ಟಿದ್ದರು. ಮೂರನೇ ದಿನ ವಿಪರೀತ ವಾಂತಿಯಾಗಿ, ಎದೆಬಡಿತ ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಿದೆವು. ಗ್ಯಾಸ್ಟ್ರಿಕ್ ಅಂದರು. ಈಗ ಬೇರೆ ವೈದ್ಯರು ಪಂಪ್ (ಇನ್ಹೇಲರ್) ತಗೊಳ್ಳಿ ಅನ್ನುತ್ತಿದ್ದಾರೆ. ಪಂಪ್ ಹಿಡಿದರೆ ಚಟವಾಗುತ್ತದೆ, ಅದು ಕೊನೇ ಹಂತದವರಿಗೆ ಕೊಡುವುದು ಅಂತ ಊರಿನವರು ಹೆದರಿಸಿದ್ದಾರೆ. ಅಮ್ಮ ಸುತರಾಂ ಒಪ್ಪುತ್ತಿಲ್ಲ. ಮಾತ್ರೆ ನಿಲ್ಲಿಸಿಬಿಡಲಾ? ಹಾರ್ಟಿಗೆ ಏನಾದರೂ ಆಗಿದೆಯಾ? ಒಂದೇ ಮಾತ್ರೆ ಒಬ್ಬರಿಗೆ ಒಗ್ಗಿ ಇನ್ನೊಬ್ಬರಿಗೆ ಯಾಕೆ ಒಗ್ಗುವುದಿಲ್ಲ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತಿದ್ದು ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆ್ಯಂಟಿಬಯೋಟಿಕ್ ಹೆಸರಿನ ಮೇಲೆ. ಆಮೇಲೆ ಅಪ್ಪನ ಬೀಡಿ ಕಟ್ಟಿನ ಮೇಲೆ. ನೀವು ಈ ಎರಡನ್ನೂ ಸುಮ್ನೆ ಮಾತಿಗೆ ಬರೆದಿದ್ದೀರಿ. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇರುವುದೇ ಅಲ್ಲಿ.

ಮೊದಲು ತುರ್ತಿನ ಮಾತು. ಮಾತ್ರೆಯನ್ನು ಇವತ್ತೇ ನೀವಾಗಿ ನಿಲ್ಲಿಸಬೇಡಿ. ಬದಲಿ ಔಷಧಿ ಶುರುವಾಗದೆ ಇದನ್ನು ನಿಲ್ಲಿಸಿದರೆ ದಮ್ಮು ಜೋರಾಗಿ ತಿರುಗಿ ಬರಬಹುದು. ಆದರೆ ವಾಂತಿ ಈಗಲೂ ಇದ್ದರೆ, ಎದೆಬಡಿತ ತಾಳ ತಪ್ಪಿದಂತೆ ಅನಿಸಿದರೆ, ತಲೆಸುತ್ತು ಬಂದರೆ ಮುಂದಿನ ಮಾತ್ರೆ ಕೊಡುವ ಮೊದಲೇ ಆಸ್ಪತ್ರೆಗೆ ಹೋಗಿ. ಎಲ್ಲ ಶಾಂತವಾಗಿದ್ದರೂ ಈ ವಾರದಲ್ಲೇ ಒಂದು ಇಸಿಜಿ ಮಾಡಿಸಿ, ರಕ್ತದಲ್ಲಿ ಪೊಟ್ಯಾಸಿಯಂ ನೋಡಿಸಿ. ಎರಡೂ ತಾಲ್ಲೂಕು ಮಟ್ಟದಲ್ಲಿ ಆಗುವ ಪರೀಕ್ಷೆಗಳೇ.

ಈಗ ಆ ಮಾತ್ರೆಯ ಒಳಗೆ ಏನಿದೆ ನೋಡೋಣ. ಅದರಲ್ಲಿರುವುದು ಎರಡು ಬೇರೆ ಬೇರೆ ಔಷಧಿ. ಎರಡರ ಕೆಲಸವೂ ಬಿಗಿದುಕೊಂಡ ಉಸಿರಿನ ನಾಳವನ್ನು ಸಡಿಲಿಸುವುದು. ಆದರೆ ಅವು ಹಿಡಿಯುವ ದಾರಿ ಬೇರೆ.

ಥಿಯೋಫಿಲಿನ್ ನಮ್ಮ ಕಾಫಿಯ ಕೆಫೀನಿಗೆ ಹತ್ತಿರದ ನೆಂಟ. 1859ರಲ್ಲೇ ಹೈಡ್ ಸಾಲ್ಟರ್ ಎಂಬ ಇಂಗ್ಲಿಷ್ ವೈದ್ಯರು ಗಟ್ಟಿ ಕಾಫಿ ಕುಡಿದರೆ ಅಸ್ತಮಾ ಸಡಿಲವಾಗುತ್ತದೆ ಎಂದು ಬರೆದಿದ್ದರು. ಅವರೂ ಅಸ್ತಮಾ ರೋಗಿಯೇ. 1888ರಲ್ಲಿ ಆಲ್ಬ್ರೆಕ್ಟ್ ಕೋಸೆಲ್ ಎಂಬ ಜರ್ಮನ್ ವಿಜ್ಞಾನಿ ಚಹಾ ಎಲೆಯಿಂದ ಥಿಯೋಫಿಲಿನ್ ಬೇರ್ಪಡಿಸಿದರು. "ಚಹಾದಿಂದ ಬಂದಿದ್ದು, ಏನೂ ಆಗಲ್ಲ ಬಿಡಿ" ಅನ್ನುವವರನ್ನು ನಾನು ಕೇಳಿದ್ದೇನೆ. ಒಂದು ಲೋಟ ಚಹಾದಲ್ಲಿ ಇದು ಇರುವುದು ಲೆಕ್ಕಕ್ಕೆ ಬಾರದಷ್ಟು. ನಿಮ್ಮ ಅಮ್ಮ ದಿನಕ್ಕೆ ನುಂಗುವುದು 600 ಮಿಲಿಗ್ರಾಂ.

ಈ ಔಷಧಿಯ ತೊಂದರೆ ಒಂದೇ ಮಾತಿನದು: ಕೆಲಸ ಮಾಡುವ ಪ್ರಮಾಣಕ್ಕೂ ಕಾಟ ಕೊಡುವ ಪ್ರಮಾಣಕ್ಕೂ ನಡುವೆ ಜಾಗ ಬಹಳ ಕಡಿಮೆ. ರಕ್ತದ ಒಂದು ಮಿಲಿಲೀಟರಿನಲ್ಲಿ 5ರಿಂದ 15 ಮೈಕ್ರೋಗ್ರಾಂ ಇದ್ದರೆ ಸರಿ. 20 ದಾಟಿದರೆ ಹೊಟ್ಟೆ ತೊಳಸುವುದು, ವಾಂತಿ, ತಲೆನೋವು, ನಿದ್ದೆಗೇಡು, ಎದೆಬಡಿತ ಜಾಸ್ತಿಯಾಗುತ್ತವೆ. ಇನ್ನೂ ಮೇಲೆ ಹೋದರೆ ಹೃದಯದ ತಾಳ ತಪ್ಪಬಹುದು, ಫಿಟ್ಸ್ ಬರಬಹುದು. ಪ್ಯಾರಾಸಿಟಮಾಲ್ ಒಂದು ಮಾತ್ರೆ ಆಚೀಚೆ ಆದರೆ ಏನೂ ಆಗದು. ಇಲ್ಲಿ ಹಾಗಲ್ಲ.

ಆ ಮಟ್ಟ ಯಾವುದರ ಮೇಲೆ ನಿಂತಿದೆ? ನುಂಗಿದ್ದು ಎಷ್ಟು ಅನ್ನುವುದರ ಜೊತೆಗೆ, ಲಿವರ್ ಅದನ್ನು ಎಷ್ಟು ಬೇಗ ಖಾಲಿ ಮಾಡುತ್ತದೆ ಅನ್ನುವುದರ ಮೇಲೂ. ಸಾಮಾನ್ಯ ವಯಸ್ಕರಲ್ಲಿ ರಕ್ತದಲ್ಲಿರುವ ಥಿಯೋಫಿಲಿನ್ ಅರ್ಧಕ್ಕೆ ಇಳಿಯಲು ಸುಮಾರು 8 ಗಂಟೆ ಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ 4-5 ಗಂಟೆ ಸಾಕು. ತಂಬಾಕು ಉರಿದಾಗ ಬರುವ ಕೆಲವು ವಸ್ತುಗಳು ಲಿವರಿನ ಒಂದು ಕಿಣ್ವವನ್ನು ಕೆಣಕಿ, ಎಡೆಬಿಡದೆ ದುಡಿಯುವಂತೆ ಮಾಡುತ್ತವೆ. ನಿಮ್ಮ ಅಪ್ಪನಿಗೆ "ಏನೂ ಆಗದೆ" ಇರುವುದರ ಗುಟ್ಟು ಇದೇ ಇರಬೇಕು. ಅವರು ನುಂಗಿದ್ದು ರಕ್ತದಲ್ಲಿ ಸಾಕಷ್ಟು ಹೊತ್ತು ನಿಲ್ಲದೆ ಬೇಗ ಖಾಲಿಯಾಗುತ್ತಿದೆ. ಅಂದರೆ ಅವರಿಗೆ ಮಾತ್ರೆ ಒಗ್ಗಿದೆ ಅನ್ನುವುದಕ್ಕಿಂತ, ಅವರಿಗೆ ಅದು ಸರಿಯಾಗಿ ಸಿಕ್ಕೇ ಇಲ್ಲ ಅನ್ನುವುದು ಸರಿ.

ಅಮ್ಮನ ಕತೆ ಇದಕ್ಕೆ ಉಲ್ಟಾ. ಬೀಡಿ ಸೇದುವುದಿಲ್ಲ, ವಯಸ್ಸಾಗಿದೆ. ನಮ್ಮ ಕಡೆಯ ಆ ವಯಸ್ಸಿನ ಹೆಂಗಸರ ತೂಕವೂ ಸಾಮಾನ್ಯವಾಗಿ ಕಡಿಮೆ. 600 ಮಿಲಿಗ್ರಾಂ ಅವರಿಗೆ ಅಂಚಿನಲ್ಲೇ ಇತ್ತು ಅನಿಸುತ್ತದೆ. ನಿದ್ದೆ ಬಾರದಿರುವುದು, ಎದೆ ಡಬ ಡಬ ಅನ್ನುವುದು ಅದರ ಸೂಚನೆ. ಅಂಥ ಹೊತ್ತಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಬಂತು. ಅದು ಲಿವರಿನ ಅದೇ ಕಿಣ್ವವನ್ನು ತಡೆಹಿಡಿಯುತ್ತದೆ. ಕೆರೆಗೆ ನೀರು ಬರುತ್ತಲೇ ಇದೆ, ತೂಬು ಮುಚ್ಚಿದ್ದಾರೆ ಅಂದುಕೊಳ್ಳಿ. ಎರಡು ಮೂರು ದಿನದಲ್ಲಿ ಏರಿ ದಾಟುತ್ತದೆ. ಮೂರನೇ ದಿನ ವಾಂತಿ ಶುರುವಾಗಿದ್ದು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಆ ಹೊತ್ತಿನಲ್ಲಿ ರಕ್ತದ ಮಟ್ಟ ನೋಡಿಲ್ಲವಾದ್ದರಿಂದ ಖಚಿತವಾಗಿ ಹೇಳಲಾರೆ. ಆದರೆ ಗ್ಯಾಸ್ಟ್ರಿಕ್ ಅನ್ನುವುದಕ್ಕಿಂತ ನನ್ನ ಅನುಮಾನ ಈ ಕಡೆಗೇ ಜಾಸ್ತಿ. ಉರಿಮೂತ್ರಕ್ಕೆ ಕೊಟ್ಟವರದ್ದು ತಪ್ಪು ಅಂತಲೂ ಹೇಳಲು ಬಾಯಿ ಬರುವುದಿಲ್ಲ. "ದಮ್ಮಿನ ಮಾತ್ರೆ ತಗೋತೀನಿ" ಅಂತ ಅಮ್ಮ ಅಲ್ಲಿ ಹೇಳಿದ್ದರೋ ಇಲ್ಲವೋ! ವರ್ಷಗಟ್ಟಲೆ ನುಂಗಿದ ಮಾತ್ರೆ ಊಟದ ಹಾಗೆ ಆಗಿಬಿಡುತ್ತದೆ. ಅದನ್ನು ಔಷಧಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಸಿಪ್ರೊ ಒಂದೇ ಅಲ್ಲ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗಳು ಕೂಡ ಥಿಯೋಫಿಲಿನ್ ಮಟ್ಟ ಏರಿಸುತ್ತವೆ. ಹಳೆಯ ಗ್ಯಾಸ್ಟ್ರಿಕ್ ಮಾತ್ರೆ ಸಿಮೆಟಿಡಿನ್ ಸಹ. ಜೋರು ಜ್ವರ, ಲಿವರ್ ತೊಂದರೆ, ಹೃದಯದ ಸೋಲು ಇದ್ದಾಗಲೂ ಮಟ್ಟ ಏರುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್ ಅದನ್ನು ಇಳಿಸುತ್ತವೆ. ಇವನ್ನೆಲ್ಲ ನೀವು ಬಾಯಿಪಾಠ ಮಾಡಬೇಕಿಲ್ಲ. ಯಾವ ವೈದ್ಯರ ಬಳಿ ಯಾವುದಕ್ಕೇ ಹೋದರೂ ಸ್ಟ್ರಿಪ್ ಕೈಯಲ್ಲಿರಲಿ. ಅಷ್ಟು ಸಾಕು.

ಇನ್ನು ಕೈ ನಡುಕ. ಅದು ಬಹುಮಟ್ಟಿಗೆ ಎರಡನೇ ಔಷಧಿಯ ಕೆಲಸ. ಸಾಲ್ಬುಟಮಾಲ್ ಬಳಕೆಗೆ ಬಂದಿದ್ದು 1969ರಲ್ಲಿ. ನಾಳದ ಸುತ್ತ ಇರುವ ಸ್ನಾಯುವಿನ ಒಂದು ಗುಂಡಿಯನ್ನು ಅದು ಒತ್ತುತ್ತದೆ, ಸ್ನಾಯು ಸಡಿಲಾಗುತ್ತದೆ. ತೊಂದರೆ ಏನೆಂದರೆ ಅಂಥದೇ ಗುಂಡಿ ಕೈಕಾಲಿನ ಸ್ನಾಯುವಿನಲ್ಲೂ ಇದೆ, ಹೃದಯದಲ್ಲೂ ಒಂದಿಷ್ಟಿದೆ. ನುಂಗಿದ ಮಾತ್ರೆ ಹೊಟ್ಟೆ, ಕರುಳು, ಲಿವರ್, ರಕ್ತ ಎಲ್ಲ ಸುತ್ತಿ ಕೊನೆಗೆ ಶ್ವಾಸಕೋಶಕ್ಕೆ ಬರುತ್ತದೆ. ದಾರಿಯಲ್ಲಿ ಸಿಕ್ಕ ಗುಂಡಿಯನ್ನೆಲ್ಲ ಒತ್ತಿಕೊಂಡೇ ಬರುತ್ತದೆ. ರಕ್ತದ ಪೊಟ್ಯಾಸಿಯಂ ಅನ್ನೂ ಸ್ವಲ್ಪ ಇಳಿಸುತ್ತದೆ. ಪರೀಕ್ಷೆ ಮಾಡಿಸಿ ಅಂದಿದ್ದು ಅದಕ್ಕೇ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ನನ್ನ ಕ್ಲಿನಿಕ್ಕಿನಲ್ಲಿ ಎಷ್ಟೋ ಜನರ ಮನಸ್ಸು ತಿರುಗಿಸಿದ ಲೆಕ್ಕ ಇದು. ಸಾಲ್ಬುಟಮಾಲ್ ಪಂಪ್ ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಮಾತ್ರೆಯಲ್ಲಿ ಇರುವುದು 4 ಮಿಲಿಗ್ರಾಂ, ಅಂದರೆ 4,000 ಮೈಕ್ರೋಗ್ರಾಂ. ಒಂದು ಮಾತ್ರೆಗೆ 40 ಪಫ್! ಇಷ್ಟಾಗಿ ಸಾದಾ ಮಾತ್ರೆ ಕೆಲಸ ಶುರು ಮಾಡಲು ಅರ್ಧ ಗಂಟೆ ಬೇಕು, ಎಸ್.ಆರ್. (ಔಷಧಿಯನ್ನು ನಿಧಾನವಾಗಿ ಬಿಡುವ ಬಗೆ) ಅಂತ ಬರೆದಿದ್ದಕ್ಕೆ ಇನ್ನೂ ಜಾಸ್ತಿ. ಎರಡು ಪಫ್ ಐದು ನಿಮಿಷದಲ್ಲಿ ಉಸಿರು ಬಿಡಿಸುತ್ತದೆ. "ಮಾತ್ರೆ ಅಂದರೆ ಮೈಲ್ಡ್, ಪಂಪ್ ಅಂದರೆ ಪವರು" ಅನ್ನುವ ಊರಿನ ಮಾತನ್ನು ತಲೆಕೆಳಗು ಮಾಡಿದರೆ ನಿಜ ಸಿಗುತ್ತದೆ.

ಪಂಪಿನಿಂದ ಬಂದಿದ್ದೆಲ್ಲ ಶ್ವಾಸಕೋಶಕ್ಕೇ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಬಹುಪಾಲು ಗಂಟಲಿಗೆ ಅಂಟಿಕೊಳ್ಳುತ್ತದೆ. ಚೆನ್ನಾಗಿ ಎಳೆದರೂ ಒಳಗೆ ಹೋಗುವುದು ಹತ್ತರಲ್ಲಿ ಒಂದೆರಡು ಪಾಲು. ಆ ಒಂದೆರಡು ಪಾಲು ನೇರ ಜಾಗಕ್ಕೇ ಹೋಗುವುದರಿಂದ ಸಾಕಾಗುತ್ತದೆ.

ಪಂಪ್ ಹುಟ್ಟಿದ ಕತೆಯೂ ಚೆನ್ನಾಗಿದೆ. ಅಮೆರಿಕದ ಒಂದು ಔಷಧಿ ಕಂಪನಿಯ ಮುಖ್ಯಸ್ಥರ ಮಗಳಿಗೆ ಅಸ್ತಮಾ ಇತ್ತು. ಆಗ ಔಷಧಿ ಎಳೆಯಬೇಕಾದರೆ ಗಾಜಿನ ಬುರುಡೆಗೆ ಸಿಕ್ಕಿಸಿದ ರಬ್ಬರ್ ಚೆಂಡನ್ನು ಕೈಯಲ್ಲಿ ಹಿಸುಕಬೇಕಿತ್ತು. "ಕೂದಲಿಗೆ ಹೊಡೆಯುವ ಸ್ಪ್ರೇ ಹಾಗೆ ಇದೂ ಡಬ್ಬಿಯಲ್ಲಿ ಯಾಕೆ ಬರಬಾರದು?" ಅಂತ ಆ ಹುಡುಗಿ ಅಪ್ಪನನ್ನು ಕೇಳಿದಳಂತೆ. 1956ರಲ್ಲಿ ಡಬ್ಬಿ ಮಾರುಕಟ್ಟೆಗೆ ಬಂತು. ಒಬ್ಬ ಶಾಲೆ ಹುಡುಗಿಗೆ ಹೊಳೆದಿದ್ದು ಇದು. ಕೊನೇ ಹಂತದವರಿಗೆ ಅಂತ ಯಾರೂ ಮಾಡಿದ್ದಲ್ಲ.

ಚಟದ ಮಾತಿಗೆ ಬರೋಣ. ಪಂಪ್ ಹಿಡಿದವರು ಬಿಡುವುದಿಲ್ಲ ಅನ್ನುವುದು ಊರವರು ಕಣ್ಣಾರೆ ಕಂಡಿದ್ದೇ, ಸುಳ್ಳಲ್ಲ. ಕಾರಣ ಮಾತ್ರ ಬೇರೆ. ದಮ್ಮು ವರ್ಷಗಟ್ಟಲೆ ಇರುವ ಕಾಯಿಲೆ, ಹಾಗಾಗಿ ಔಷಧಿಯೂ ವರ್ಷಗಟ್ಟಲೆ. ನಿಮ್ಮ ಅಮ್ಮ 12 ವರ್ಷದಿಂದ ಮಾತ್ರೆ ಬಿಟ್ಟಿಲ್ಲವಲ್ಲ, ಅದನ್ನು ಯಾರಾದರೂ ಚಟ ಅಂದರೇ? ಕನ್ನಡಕ ಹಾಕಿದವರಿಗೆ ಕನ್ನಡಕದ ಚಟ ಅನ್ನುತ್ತೇವೆಯೇ?

ಆದರೆ ಊರಿನವರ ಭಯದಲ್ಲಿ ಒಂದು ಚೂರು ನಿಜವೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಬರೀ ನೀಲಿ ಪಂಪನ್ನೇ, ಅಂದರೆ ಬಿಗಿತ ಸಡಿಲಿಸುವ ಪಂಪನ್ನೇ ನಂಬಿಕೊಂಡು ದಿನಕ್ಕೆ ಹತ್ತು ಹದಿನೈದು ಸಲ ಒತ್ತುವುದು ಅಪಾಯ. ನ್ಯೂಜಿಲೆಂಡಿನಲ್ಲಿ 1976ರ ಸುಮಾರಿನಿಂದ ಹತ್ತು ಹನ್ನೆರಡು ವರ್ಷ ಅಸ್ತಮಾ ಸಾವುಗಳು ದಿಢೀರನೆ ಏರಿದವು. ಫೆನೊಟೆರಾಲ್ ಎಂಬ ಬಲವಾದ ಪಂಪಿನ ಮೇಲೆ ಬೆರಳು ಹೋಯಿತು. 1989ರಲ್ಲಿ ಅದಕ್ಕೆ ಕಡಿವಾಣ ಹಾಕಿದ ಮೇಲೆ ಸಾವು ಇಳಿದವು. ಅಸ್ತಮಾಕ್ಕೆ ಬರೀ ಸಾಲ್ಬುಟಮಾಲ್ ಒಂದನ್ನೇ ಕೊಡಬೇಡಿ, ಜೊತೆಗೆ ಊತ ಇಳಿಸುವ ಔಷಧಿಯೂ ಇರಲೇಬೇಕು ಎಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಿಂದ ಹೇಳುತ್ತಿದೆ.

ಊತ ಅಂದೆನಲ್ಲ, ಅಮ್ಮನ 12 ವರ್ಷದ ಮಾತ್ರೆ ಬಿಟ್ಟಿರುವುದು ಅದನ್ನೇ. ದಮ್ಮಿನಲ್ಲಿ ನಾಳಕ್ಕೆ ಮೂರು ತೊಂದರೆ. ಹೊರಗಿನ ಸ್ನಾಯು ಬಿಗಿಯುತ್ತದೆ. ಒಳಗಿನ ಪೊರೆ ಕೆಂಪಾಗಿ ಊದುತ್ತದೆ. ಮೇಲೆ ಕಫ ಕಟ್ಟುತ್ತದೆ. ನಿಮ್ಮ ಮನೆಯ ಮಾತ್ರೆ ಮೊದಲನೆಯದಕ್ಕೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ ನುಂಗಿದ ಮೇಲೆ ಹಗುರ ಅನಿಸುತ್ತದೆ, ಕಾಯಿಲೆ ಮಾತ್ರ ಒಳಗೇ ಬೆಳೆಯುತ್ತದೆ. ಚಳಿಗಾಲಕ್ಕಷ್ಟೇ ಬರುತ್ತಿದ್ದ ದಮ್ಮು ವರ್ಷವಿಡೀ ಆಗಿದ್ದು ಹೀಗೇ ಇರಬಹುದು.

ಊತ ಇಳಿಸುವುದು ಅಂದರೆ ಸ್ಟೀರಾಯ್ಡ್. ಆ ಪದ ಕೇಳಿದ ಕೂಡಲೇ ರೋಗಿಯ ಮುಖ ಬಾಡುತ್ತದೆ, ಗೊತ್ತು. ಪ್ರಮಾಣ ನೋಡಿ. ದಮ್ಮು ಕೆರಳಿದಾಗ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ ತನಕ ಇರುತ್ತದೆ. ಪಂಪಿನ ಬುಡೆಸೊನೈಡ್ ಒಂದು ಪಫ್‌ಗೆ ಸಾಮಾನ್ಯವಾಗಿ 200 ಮೈಕ್ರೋಗ್ರಾಂ. ಇವೆರಡರ ನಡುವೆ ಇನ್ನೂರು ಪಟ್ಟು ಅಂತರವಿದೆ. ಪಂಪಿನ ಸ್ಟೀರಾಯ್ಡಿನಿಂದ ಬಾಯಲ್ಲಿ ಬಿಳಿ ಅಗ್ರ, ದನಿ ಒಡೆಯುವುದು ಆಗಬಹುದು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಅದೂ ಕಡಿಮೆ.

ನಾನು ನಿಜಕ್ಕೂ ಹೆದರುವುದು ಬೇರೆ ಒಂದಕ್ಕೆ: ಹೆಸರಿಲ್ಲದ ಪುಡಿ ಪೊಟ್ಟಣ. "ಮೂರು ದಿನಕ್ಕೆ ದಮ್ಮು ಮಾಯ" ಅಂತ ಕೊಡುತ್ತಾರೆ. ಕೆಲವು ವರ್ಷದ ಹಿಂದೆ ಒಬ್ಬ ರೈತರು ನನ್ನ ಬಳಿ ಬಂದರು. ಮುಖ ದುಂಡಗೆ ಊದಿತ್ತು, ಹೊಟ್ಟೆ ಮೇಲೆ ಕೆಂಪು ಗೀರು, ಶುಗರ್ ಮುನ್ನೂರರ ಮೇಲೆ. ಆರು ವರ್ಷದಿಂದ ಪುಡಿ. ಅದರಲ್ಲಿ ಇದ್ದಿದ್ದು ಸ್ಟೀರಾಯ್ಡ್ ಅಂತ ಅವರ ಮೈಯೇ ಹೇಳುತ್ತಿತ್ತು. ಅಂಥದ್ದನ್ನು ದಿಢೀರನೆ ಬಿಡಿಸುವಂತೆಯೂ ಇಲ್ಲ, ಬಿಪಿ ಕುಸಿದು ಪ್ರಾಣಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಇಳಿಸುತ್ತಾ ಬಂದೆವು. ನಿಮ್ಮ ಮನೆಯಲ್ಲಿ ಯಾರಾದರೂ ಅಂಥ ಪುಡಿ ತಗೊಂಡಿದ್ದರೆ ವೈದ್ಯರ ಮುಂದೆ ನಾಚಿಕೆ ಬಿಟ್ಟು ಹೇಳಿ.

ಈಗ ಮುಖ್ಯ ಪ್ರಶ್ನೆ, ನೀವು ಕೇಳದೇ ಇದ್ದದ್ದು. ಅಮ್ಮನಿಗೆ ಇರುವುದು ಅಸ್ತಮಾನೇ? 12 ವರ್ಷದಲ್ಲಿ ಯಾರಾದರೂ ಕೊಳವೆಗೆ ಊದಿಸಿ ಪರೀಕ್ಷೆ ಮಾಡಿದ್ದಾರೆಯೇ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಅದರ ಹೆಸರು ಸ್ಪೈರೊಮೆಟ್ರಿ, ಅಂದರೆ ಉಸಿರಿನ ಅಳತೆ. ಮೊದಲು ಒಮ್ಮೆ ಊದಿಸುತ್ತಾರೆ, ಪಂಪ್ ಕೊಟ್ಟು ಕಾಲು ಗಂಟೆ ಬಿಟ್ಟು ಮತ್ತೆ ಊದಿಸುತ್ತಾರೆ. ಎರಡನೇ ಸಲ ಚೆನ್ನಾಗಿ ಏರಿದರೆ ಅಸ್ತಮಾ ಕಡೆಗೆ ತೂಗುತ್ತದೆ. ಏರದೆ ಕಟ್ಟಿಕೊಂಡೇ ಇದ್ದರೆ ಸಿಒಪಿಡಿ, ಅಂದರೆ ನಾಳ ಕಾಯಂ ಆಗಿ ಕಿರಿದಾಗಿರುವ ಕಾಯಿಲೆ.

ಬೀಡಿ ಸೇದದ ಹೆಂಗಸಿಗೆ ಸಿಒಪಿಡಿ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಒಲೆಯಿಂದ. ನಿಮ್ಮದು ತೆಂಗಿನ ಸೀಮೆ. ಗರಿ, ಮಟ್ಟೆ, ಚಿಪ್ಪು ಇದ್ದ ಮೇಲೆ ಸೌದೆಗೆ ಬರವಿಲ್ಲ, ಹೊಗೆಗೂ ಬರವಿಲ್ಲ. ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಧೂಮಪಾನ ಮಾಡದ ಹೆಂಗಸರ ಮೇಲೆ ಒಂದು ಅಧ್ಯಯನ ನಡೆದಿದೆ. ದಿನಕ್ಕೆ ಎಷ್ಟು ತಾಸು ಒಲೆ ಮುಂದೆ ಕೂತಿದ್ದೀರಿ, ಅದನ್ನು ವರ್ಷಗಳಿಂದ ಗುಣಿಸಿ. ಹಾಗೆ ಗುಣಿಸಿ ಬಂದ ಲೆಕ್ಕ 60 ದಾಟಿದವರಲ್ಲಿ ಹಳೇ ಕೆಮ್ಮು-ಕಫದ ಕಾಯಿಲೆ ಎದ್ದು ಕಾಣುವಷ್ಟು ಜಾಸ್ತಿ ಇತ್ತು. ನಿಮ್ಮ ಅಮ್ಮ ದಿನಕ್ಕೆ 3 ತಾಸಿನಂತೆ 40 ವರ್ಷ ಅಡುಗೆ ಮಾಡಿದ್ದರೆ 120 ಆಯಿತು. ಗ್ಯಾಸ್ ಬಂದಿದ್ದರೂ ಸ್ನಾನದ ನೀರಿಗೆ, ಮುದ್ದೆಗೆ, ದನದ ಹಿಂಡಿ ಬೇಯಿಸಲು ಇನ್ನೂ ಸೌದೆಯೇ ಅಲ್ವಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆ ಒಂದು ಕಾಲಕ್ಕೆ ಹಳ್ಳಿ ಹಳ್ಳಿಗೆ ಬಂದಿತ್ತು, ಹೊಗೆ ಕೊಳವೆಯಲ್ಲಿ ಮೇಲೆ ಹೋಗುತ್ತಿತ್ತು. ಅಂಥದ್ದಾದರೂ ಇರಲಿ. ನೀರೊಲೆ ಮನೆಯ ಹೊರಗಿರಲಿ. ಔಷಧಿ ಎಷ್ಟೇ ಒಳ್ಳೆಯದಾದರೂ ಹೊಗೆಯೊಳಗೆ ಕೂತು ಎಳೆದರೆ ಪ್ರಯೋಜನ ಅರ್ಧ.

ಸಿಒಪಿಡಿ ಆದರೆ ಹನ್ನೆರಡು ಗಂಟೆ, ಇಪ್ಪತ್ನಾಲ್ಕು ಗಂಟೆ ಕೆಲಸ ಮಾಡುವ ಪಂಪುಗಳೇ ಬುನಾದಿ. ಅಸ್ತಮಾ ಆದರೆ ಸ್ಟೀರಾಯ್ಡ್ ಇರುವ ಪಂಪೇ ಬುನಾದಿ. ಎರಡಕ್ಕೂ ಒಂದೇ ಚೀಟಿ ಆಗದು. ಮೂರನೆಯದೂ ಒಂದಿದೆ: ಹೃದಯದ ದಮ್ಮು. ಮಲಗಿದರೆ ಏದುಸಿರು, ಕಾಲು ಊತ ಇದ್ದರೆ ಎಕೋ (ಹೃದಯದ ಸ್ಕ್ಯಾನ್) ಬೇಕು. ಬಿಪಿ ಮಾತ್ರೆ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಅದರ ಮೇಲೆ ಅಟೆನೋಲಾಲ್ ಅಥವಾ ಪ್ರೊಪ್ರನೋಲಾಲ್ ಅಂತ ಇದೆಯಾ ನೋಡಿ. ಕಣ್ಣಿಗೆ ಬಿಡುವ ಟಿಮೊಲಾಲ್ ಹನಿಯೂ ಅದೇ ಜಾತಿ. ಸಾಲ್ಬುಟಮಾಲ್ ಒತ್ತುವ ಗುಂಡಿಯನ್ನು ಇವು ಮುಚ್ಚಿಬಿಡುತ್ತವೆ, ಅಸ್ತಮಾ ಕೆರಳಿಸಬಲ್ಲವು. ಇದ್ದರೆ ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ತೋರಿಸಿ ಬದಲಿಸಿಕೊಳ್ಳಿ.

ಹಾಗಾದರೆ ಮಾತ್ರೆಗೆ ಜಾಗವೇ ಇಲ್ಲವೇ? ಇದೆ. ನಾನೂ ಬರೆಯುತ್ತೇನೆ, ಆದರೆ ಕಡಿಮೆ. ಪಂಪ್ ಸರಿಯಾಗಿ ಎಳೆದೂ ಉಸಿರು ಸಾಲದವರಿಗೆ, ಬೆರಳು ಸೊಟ್ಟಗಾಗಿ ಡಬ್ಬಿ ಒತ್ತಲಾಗದವರಿಗೆ, ಮರೆವು ಬಂದವರಿಗೆ. ಅಂಥಲ್ಲಿ ಡಾಕ್ಸೊಫಿಲಿನ್ ಆರಿಸುತ್ತೇನೆ. ಅದು ಥಿಯೋಫಿಲಿನ್ನಿನ ತಮ್ಮನಂತೆ, ಎದೆಬಡಿತ, ನಿದ್ದೆಗೇಡು ಸ್ವಲ್ಪ ಕಡಿಮೆ. ಕಡಿಮೆ ಪ್ರಮಾಣದ ಥಿಯೋಫಿಲಿನ್ ಊತ ಇಳಿಸುತ್ತದೆ ಅಂತ ನಮಗೆಲ್ಲ ಒಂದು ಆಸೆ ಇತ್ತು. ಬ್ರಿಟನ್ನಿನಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಸಿಒಪಿಡಿ ರೋಗಿಗಳ ಮೇಲೆ ನಡೆದ ಅಧ್ಯಯನ 2018ರಲ್ಲಿ ಹೊರಬಂತು. ಸ್ಟೀರಾಯ್ಡ್ ಪಂಪಿನ ಜೊತೆ ಅದನ್ನು ಸೇರಿಸಿದ್ದರಿಂದ ಕಾಯಿಲೆ ಕೆರಳುವುದು ಕಡಿಮೆಯಾಗಲಿಲ್ಲ. ಸಾಲ್ಬುಟಮಾಲ್ ಮಾತ್ರೆಯನ್ನಂತೂ ದೊಡ್ಡವರಿಗೆ ಬರೆಯುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಮಾಂಟೆಲುಕಾಸ್ಟ್ ಅನ್ನೂ ಜನ ದಮ್ಮಿನ ಮಾತ್ರೆ ಅನ್ನುತ್ತಾರೆ. ಅದು ನಾಳ ಸಡಿಲಿಸುವ ಔಷಧಿ ಅಲ್ಲ, ಅಲರ್ಜಿ ಕಡೆಯದು. ಕೆಲವರಲ್ಲಿ ಮನಸ್ಸು ಕದಡುತ್ತದೆ, ಕೆಟ್ಟ ಕನಸು ಬೀಳುತ್ತವೆ.

ಪಂಪಿಗೆ ಬದಲಾಗುವುದು ಹೇಗೆ? ಸಾಮಾನ್ಯವಾಗಿ ಪಂಪ್ ಮೊದಲು ಶುರು ಮಾಡಿ, ಅದು ಹಿಡಿತಕ್ಕೆ ಬಂದ ಮೇಲೆ ಒಂದೆರಡು ವಾರದಲ್ಲಿ ಮಾತ್ರೆ ಇಳಿಸುತ್ತೇವೆ. ಅಮ್ಮನ ವಿಷಯದಲ್ಲಿ ಇಸಿಜಿ ನೋಡಿದ ವೈದ್ಯರು ಪ್ರಮಾಣವನ್ನು ಮೊದಲೇ ತಗ್ಗಿಸಬಹುದು. ಅಲ್ಲಿಯವರೆಗೆ ಎಸ್.ಆರ್. ಮಾತ್ರೆಯನ್ನು ಪುಡಿ ಮಾಡಿ ಕೊಡಬೇಡಿ, ಅಗಿಯಲು ಬಿಡಬೇಡಿ. ಹನ್ನೆರಡು ಗಂಟೆ ನಿಧಾನವಾಗಿ ಬಿಡಬೇಕಾದದ್ದು ಒಮ್ಮೆಲೇ ಬಿಟ್ಟುಬಿಡುತ್ತದೆ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗುವುದೂ ಬೇಡ.

ಪಂಪ್ ಬರೆದುಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹತ್ತು ಜನ ಪಂಪ್ ತಂದು ತೋರಿಸಿದರೆ ಸರಿಯಾಗಿ ಎಳೆಯುವವರು ಇಬ್ಬರೋ ಮೂವರೋ. ಕೆಲವರು ಬಾಯಿಗೆ ಸೆಂಟು ಹೊಡೆದ ಹಾಗೆ ಹೊಡೆದು ಉಗುಳುತ್ತಾರೆ. ಒಬ್ಬ ಅಜ್ಜಿ ಪುಡಿ ಕ್ಯಾಪ್ಸೂಲನ್ನು ಎರಡು ತಿಂಗಳು ನೀರಿನ ಜೊತೆ ನುಂಗಿದ್ದರು. "ಏನೂ ಗುಣ ಇಲ್ಲ ಡಾಕ್ಟ್ರೇ" ಅಂದರು. ಇರುವುದಾದರೂ ಹೇಗೆ? ತಪ್ಪು ಅವರದಲ್ಲ, ಯಂತ್ರಕ್ಕೆ ಹಾಕಿ ಎಳೆಯಬೇಕು ಅಂತ ಯಾರೂ ಕೈ ಹಿಡಿದು ತೋರಿಸಿರಲಿಲ್ಲ.

ಅಮ್ಮನ ಕೈ ನಡುಗುತ್ತದೆ ಅಂದಿದ್ದೀರಿ. ಒತ್ತುವುದು, ಎಳೆಯುವುದು ಒಟ್ಟಿಗೆ ಕೂಡಿ ಬರುವುದು ಕಷ್ಟ. ಅವರಿಗೆ ಸ್ಪೇಸರ್ ಕೇಳಿ ತಗೊಳ್ಳಿ. ಪ್ಲಾಸ್ಟಿಕ್ಕಿನ ಉದ್ದನೆ ಡಬ್ಬಿ, ಪಂಪಿನ ಮುಂದೆ ಸಿಕ್ಕಿಸುವುದು. ಪಂಪ್ ಚೆನ್ನಾಗಿ ಅಲ್ಲಾಡಿಸಿ. ಉಸಿರು ಪೂರಾ ಹೊರಗೆ ಬಿಟ್ಟು, ಸ್ಪೇಸರನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು, ಒಂದು ಸಲ ಒತ್ತಿ, ನಿಧಾನವಾಗಿ ಎಳೆದುಕೊಂಡು, ಹತ್ತು ಎಣಿಸುವವರೆಗೆ ಹಿಡಿಯಬೇಕು. ಎರಡನೇ ಪಫ್‌ಗೆ ಅರ್ಧ ನಿಮಿಷ ಬಿಡಿ. ಮೊದಲ ಒಂದು ವಾರ ನೀವೇ ಎದುರು ಕೂತು ಮಾಡಿಸಿ. ಖರ್ಚಿನ ಚಿಂತೆ ಇದ್ದರೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಸಾಲ್ಬುಟಮಾಲ್, ಬುಡೆಸೊನೈಡ್ ಪಂಪುಗಳು ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ, ಬೆಲೆಗೆ ಮಿತಿ ಇದೆ. ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ.

ಒಂದು ವೇಳೆ ದಮ್ಮು ಕೆರಳಿ ಒಂದು ಮಾತು ಪೂರಾ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಬಂದರೆ ಮಾತ್ರೆ ನುಂಗಿಸಿ ಕಾಯಬೇಡಿ. ಸ್ಪೇಸರಿನಲ್ಲಿ ಸಾಲ್ಬುಟಮಾಲ್ ಒಂದೊಂದಾಗಿ ನಾಲ್ಕು ಪಫ್ ಕೊಟ್ಟು, 108ಕ್ಕೆ ಫೋನ್ ಮಾಡಿ.

ಇನ್ನು ನಿಮ್ಮ ಅಪ್ಪ. ಅವರನ್ನು ಮನೆಯಲ್ಲಿ ಬಿಟ್ಟು ಅಮ್ಮನನ್ನು ಮಾತ್ರ ಕರೆದುಕೊಂಡು ಹೋಗಬೇಡಿ. ಅವರಿಗೆ ಯಾರೂ ಬರೆಯದ ಮಾತ್ರೆಯನ್ನು ಅವರು ನುಂಗುತ್ತಿದ್ದಾರೆ. ಇಬ್ಬರಿಗೂ ಸ್ಪೈರೊಮೆಟ್ರಿ ಆಗಲಿ. ಆ ಬೆಳಿಗ್ಗೆ ಕಾಫಿ ಬೇಡ, ಬೀಡಿಯೂ ಬೇಡ, ಅಳತೆ ತಪ್ಪುತ್ತದೆ. ಮಾತ್ರೆ ಎಷ್ಟು ಹೊತ್ತು ಮುಂಚೆ ತಗೊಂಡಿರಬಹುದು ಅಂತ ಹಿಂದಿನ ದಿನವೇ ಕೇಳಿಕೊಳ್ಳಿ.

ಅವರು ಬೀಡಿ ಬಿಡಲೇಬೇಕು, ಆ ಮಾತು ಬೇರೆ ಹೇಳಬೇಕಿಲ್ಲ. ನಾನು ಹೇಳುವುದು ಬಿಟ್ಟ ಮೇಲಿನ ವಾರದ ಬಗ್ಗೆ. ಹೊಗೆ ನಿಂತರೆ ಲಿವರಿನ ಓಟವೂ ನಿಧಾನವಾಗುತ್ತದೆ. ಒಂದು ವಾರದೊಳಗೇ ಅದೇ 600 ಮಿಲಿಗ್ರಾಂ ಅವರ ರಕ್ತದಲ್ಲಿ ಮೇಲೇರಲು ಶುರುವಾಗುತ್ತದೆ. ವಾಂತಿ, ಎದೆಬಡಿತ ಬಂದರೆ "ಬೀಡಿ ಬಿಟ್ಟಿದ್ದಕ್ಕೇ ಹೀಗಾಯಿತು" ಅಂತ ಮತ್ತೆ ಕಟ್ಟು ಬಿಚ್ಚುತ್ತಾರೆ. ಹಾಗಾಗಿ ಅವರು ಬಿಡಲು ಮನಸ್ಸು ಮಾಡಿದ ದಿನವೇ ವೈದ್ಯರಿಗೆ ತಿಳಿಸಿ, ಮಾತ್ರೆಯನ್ನು ಮೊದಲೇ ಇಳಿಸಿಕೊಳ್ಳಲಿ.